ಶೀಟಿನ ತೂತು

ಬ್ಯಾಗು ಅಲ್ಲಿ ತಗುಲಾಕಿ ಬಾ, ನಿಶ್ಚಿತ್.
ಗಾಣದ ರೋಲರು ಸಂಜೆಗೆ ಕೊತ್ತತ್ತಿ ಸೇರಬೇಕು,
ಆಲೆಮನೆಯೋನು ಬೆಳಿಗ್ಗೆಯಿಂದ ಮೂರು ಸಲ ಫೋನು ಮಾಡವ್ನೆ.
ಮಾಡಲಿ ಬುಡು.
ಮೊದಲು ತಲೆ ಎತ್ತಿ ಮೇಲೆ ನೋಡು.

ಶೀಟಲ್ಲಿ ಒಂದು ತೂತು ಕಾಣ್ತಾ?
ಹತ್ತೂವರೆಗೆ ಅಲ್ಲಿಂದ ಬಿಸಿಲಿನ ಬಿಲ್ಲೆಯೊಂದು ಇಳಿದು
ವೆಲ್ಡಿಂಗ್ ಟೇಬಲ್ ಹತ್ತಿ, ವೈಸು ದಾಟಿ,
ಊಟದ ಹೊತ್ತಿಗೆ ನಮ್ಮಪ್ಪನ ಸ್ಟೂಲಿನ ಮೇಲೆ ಕೂರ್ತದೆ.
ಮಳೆ ಬಂದರೆ ಅಡಿಗೊಂದು ಪೇಂಟ್ ಡಬ್ಬ ಇಡ್ತೀವಿ.
ಹೊಳಲು ರಸ್ತೆಗೆಲ್ಲ ಶೀಟು ಹೊದಿಸೋರು
ನಿಮ್ಮದೇ ಮುಚ್ಚಲ್ವಾ ಅಂತ ನಗ್ತಾರೆ ಜನ.
ಬೇಕಂತಲೇ ಬಿಟ್ಟಿದೀನಿ.

ಅಪ್ಪನಿಗೆ ಗಾರ್ಡು ಅಂದರೆ ಅಡ್ಡಿ.
ಮೂಲೆಗೆ ಡಿಸ್ಕು ಎಟಕಲ್ಲ ಅಂತ
ಬಿಚ್ಚಿ ಮೊಳೆಗೆ ನೇತಾಕಿದ್ದ,
ಮದುವೆ ಮನೇಲಿ ಸೆಕೆಗೆ ಕೋಟು ಬಿಚ್ಚಿಟ್ಟ ಹಾಗೆ.
ಕಟ್ಟಿಂಗ್ ಡಿಸ್ಕಲ್ಲೇ ಸೈಡು ಉಜ್ಜೋನು.
ಅಂಚಲ್ಲಿ ಕುಯ್ಯೋಕೆ ಹುಟ್ಟಿದ್ದು ಅದು,
ಪಕ್ಕದಿಂದ ಒತ್ತಿದರೆ ಹಪ್ಪಳ.
ಅವತ್ತು ಕಿವಿ ಸಂದಿಯ ಬೀಡಿ ಜಾರಿ ಬಿತ್ತು.
ಬೀಡಿ ಕಡೆ ಕತ್ತು ತಿರುಗಿಸಿದ, ಅಷ್ಟೇ.
ಮುಖ ಇದ್ದ ಜಾಗದಲ್ಲಿ ಡಿಸ್ಕಿನ ಚೂರು ಹಾದು
ಶೀಟು ತೂರಿ ಆಕಾಶಕ್ಕೆ ಹೋಯ್ತು.
ಇವತ್ತಿಗೂ ಸಿಕ್ಕಿಲ್ಲ.
ಬೀಡಿ ಒಂದು ಜೀವ ಉಳಿಸಿದ್ದು
ಈ ಮಂಡ್ಯದಲ್ಲಿ ಅದೊಂದೇ ಸಲ ಇರಬೇಕು.
ದಿನಾ ಬೀಡಿ ಬೀಳಲ್ಲ ಕಣಪ್ಪ.

ತಗೋ ಕನ್ನಡಕ. ವಸಿ ಮಸುಕಾಗದೆ, ಒರೆಸ್ಕೊ.
ಮುಂಗೈಗೆ ಕಟ್ಟಿರೋದು ಮೇಲುಕೋಟೆ ದಾರವಾ?
ಬಿಚ್ಚಿ ಜೇಬಲ್ಲಿಟ್ಕೊ, ದೇವರು ಬೇಜಾರು ಮಾಡ್ಕೊಳ್ಳಲ್ಲ.
ನಿಮಿಷಕ್ಕೆ ಹನ್ನೊಂದು ಸಾವಿರ ಸುತ್ತು ತಿರುಗೋದಕ್ಕೆ
ದೇವರ ದಾರ, ಅಂಗಿ ದಾರ ಅಂತ ಭೇದ ತಿಳಿಯಲ್ಲ.
ನನ್ನ ಜಡೆಯೂ ಟೋಪಿ ಒಳಗೇ ಅದೆ, ನೋಡು.

ಡಿಸ್ಕು ಬದಲಾಯಿಸುವಾಗ ಪ್ಲಗ್ಗು ಕಿತ್ತು
ನಿನ್ನ ಕಣ್ಣಿಗೆ ಕಾಣೋ ಹಾಗೆ ಇಡು.
ನಡುವಿನ ತಗಡಿನ ಬಳೆ ಮೇಲೆ ತಿಂಗಳು, ವರ್ಷ ಬರೆದದೆ,
ಹಾಲಿನ ಪ್ಯಾಕೆಟ್ಟಿಗಿದ್ದ ಹಾಗೆ ಇದಕ್ಕೂ ವಾಯಿದೆ.
ಹೊಸದು ಹಾಕಿದ ಮೇಲೆ ಯಾರೂ ಇಲ್ಲದ ಕಡೆ ಮುಖ ಮಾಡಿ
ಒಂದು ನಿಮಿಷ ಸುಮ್ಮನೆ ಓಡಿಸು.
ಆ ನಿಮಿಷಕ್ಕೂ ಸಂಬಳ ಕೊಡ್ತೀನಿ.

ಆಲೆಮನೆಗೇ ಹೋಗಿ ಕೆಲಸ ಮಾಡುವಾಗ
ಕಿಡಿ ಎತ್ತ ಹೋಗ್ತದೆ ನೋಡ್ಕೊ.
ಒಣಗಿದ ಕಬ್ಬಿನ ರಚ್ಚು ಬಿದ್ದ ತಕ್ಷಣ ಉರಿಯಲ್ಲ,
ನೀನು ಬೈಕು ಹತ್ತಿ ಊರು ಸೇರೋವರೆಗೂ ಕಾಯ್ತದೆ.

ಇನ್ನು ಕರೆಂಟು.
ಹೋಯ್ತು ಅಂದರೆ ಎಲ್ಲರೂ ಟೀಗೆ ಎದ್ದುಬುಡ್ತೀರ,
ಸ್ವಿಚ್ಚು ಲಾಕಾಗೇ ಇರ್ತದೆ.
ಒಂದು ಸಾಯಂಕಾಲ ಯಾರೂ ಇಲ್ಲದ ಶೆಡ್ಡಲ್ಲಿ ಕರೆಂಟು ಬಂತು.
ಇದು ತಾನಾಗೇ ಎದ್ದು, ಟೇಬಲಿಂದ ಹಾರಿ,
ವೈರು ಬಿಟ್ಟಷ್ಟು ದೂರ ಕುಣಿದು,
ಕ್ಯಾಲೆಂಡರಿನ ಆಷಾಢವನ್ನೆಲ್ಲ ಹರಿದು,
ಕೊನೆಗೆ ತನ್ನ ವೈರನ್ನೇ ತಾನು ಕುಯ್ಕೊಂಡು ಸುಮ್ಮನಾಯ್ತು.
ನಾವು ಐದು ಜನ ಬಾಗಿಲಾಚೆ,
ಕೈಲಿ ಲೋಟ. ಯಾರೂ ಗುಟುಕರಿಸಲಿಲ್ಲ.

ಬಾ, ಹಿಡಿ.
ಎರಡೂ ಕೈ. ಆ ಸೈಡಿನ ಹಿಡಿ ಇರೋದು ಶೋಕಿಗಲ್ಲ,
ಸಂದಿಗೆ ಸಿಕ್ಕರೆ ಹೋರಿ ಹಾಗೆ ಒದೀತದೆ.
ಡಿಸ್ಕಿನ ನೇರಕ್ಕೆ ನಿಲ್ಲಬೇಡ, ವಸಿ ಓರೆ ನಿಲ್ಲು.
ಒತ್ತಬೇಡ. ಅದರ ಭಾರವೇ ಸಾಕು.
ಹಾಂ, ಹಂಗೆ.
ಸಾಕು, ಆರಿಸು.

ಇಡಬೇಡ, ಇಡಬೇಡ!
ಆರಿಸಿದ್ದು ನಿನಗೆ ಗೊತ್ತು,
ಅದಕ್ಕಿನ್ನೂ ಸುದ್ದಿ ಮುಟ್ಟಿಲ್ಲ.
ಕೈಲೇ ಹಿಡ್ಕೊ. ಕೇಳ್ತಾ ಇರು.
ಫೋನು ಹೊಡ್ಕೊಂಡರೆ ಹೊಡ್ಕೊಳ್ಳಲಿ.
ಇನ್ನೂ ತಿರುಗ್ತಾ ಅದೆ.
ಇನ್ನೂ.
ಡಿಸ್ಕಿನ ಮೇಲೇನೋ ಬರೆದದಲ್ಲ,
ಅದು ಓದೋಕೆ ಬಂತಾ?
ಓದು, ಜೋರಾಗಿ ಓದು.

ಈಗ ಇಡು.