ಚಾರ್ಜ್ ಪಟ್ಟಿಯಲ್ಲಿ ಇಲ್ಲದ್ದು

ಬನ್ನಿ ಮೇಡಂ, ಕೂತುಕೊಳ್ಳಿ. ಆ ಕುರ್ಚಿ ಬೇಡ, ಕಾಲು ಅಲುಗುತ್ತದೆ.
ಬೆಂಚು ನಲವತ್ತೊಂದು. ಗ್ಲೋಬು ಒಂದು,
ಆಫ್ರಿಕದ ಹತ್ತಿರ ತಗ್ಗು ಬಿದ್ದಿದೆ.
ಬಿಸಿಯೂಟದ ತಟ್ಟೆ ಇನ್ನೂರ ಆರು; ಎಣಿಸಿದರೆ
ಇನ್ನೂರ ಮೂರೇ ಸಿಗುವುದು. ನೀಲಸಂದ್ರದಲ್ಲಿ
ಮೂರು ತಟ್ಟೆಗೆ ಯಾರೂ ದೂರು ಕೊಡುವುದಿಲ್ಲ.

ಇಲ್ಲಿ ಸಹಿ. ಇಲ್ಲೂ.

ಗೋಡೆಯ ಆ ಮೊಳೆ ಮಾತ್ರ ಪಟ್ಟಿಯಲ್ಲಿಲ್ಲ.
ಅದರ ಕೆಳಗೆ ಬೆಳ್ಳಗೆ ಚೌಕ ಉಳಿದಿದೆಯಲ್ಲ,
ಅಷ್ಟಗಲ ಶಾರದೆ ಇದ್ದಳು.
ನನಗಿಂತ ಹಳಬಳು. ಶುಕ್ರವಾರ ಜವಾನ ಚಿನ್ನಪ್ಪ
ಒಂದು ಮೊಳ ಕನಕಾಂಬರ ಮುಡಿಸುತ್ತಿದ್ದ,
ತನ್ನ ದುಡ್ಡಲ್ಲೇ.

ಒಂದು ಸಲ ಯಾರೋ ಅರ್ಜಿ ಕೊಟ್ಟರು. ಮೀಟಿಂಗು.
ಇಳಿಸಿ ಅಂದರು. ಇಳಿಸಿದರೆ ನೋಡಿ ಅಂದರು.
ಪಕ್ಕದಲ್ಲಿ ಇನ್ನೆರಡು ಮೊಳೆ ಹೊಡೆದರಾಯ್ತು ಅಂದ
ಗ್ಯಾರೇಜಿನ ಅಕ್ರಂ ಪಾಷ. ಎರಡು ಸಾಕಾ, ಅಂದಳು
ಹೂವಿನಂಗಡಿ ಅರ್ಪುದಮ್ಮ, ಬೆರಳು ಮಡಿಸಿ ಎಣಿಸುತ್ತ.
ಅಷ್ಟರಲ್ಲಿ ಟೀ ಬಂತು. ಹೊರಗೆ ಮಕ್ಕಳು
ಏಳೆಂಟ್ಲ ಐವತ್ತಾರು ಎಂದು ಕೂಗುತ್ತಿದ್ದವು.
ಅದಕ್ಕೆ ಯಾರ ತಕರಾರೂ ಇರಲಿಲ್ಲ.

ನಾನು ಇಳಿಸಿದ್ದು ಅರ್ಜಿಗಲ್ಲ,
ಆಮೇಲೆ ಬಂದ ಸುತ್ತೋಲೆಗೂ ಅಲ್ಲ.
ಪ್ರಾರ್ಥನೆಗೆ ಬಾಯಿ ತೆರೆಯದ ಹುಡುಗಿಯೊಬ್ಬಳಿದ್ದಳು,
ಸಮತಾ. ಐದನೇ ಕ್ಲಾಸು, ಎಡಗಡೆಯ ಸಾಲು.
ಸೊಕ್ಕು ಅಂದುಕೊಂಡು ಸ್ಕೇಲಿನಲ್ಲಿ ಒಂದೇಟು ಕೊಟ್ಟೆ.
ಅಳಲಿಲ್ಲ. 'ನಮ್ಮಪ್ಪನ್ನ ಗುಡಿಯೊಳಗೆ ಬಿಟ್ಟಿರ್ಲಿಲ್ಲ ಮಿಸ್.
ಅದಕ್ಕೆ ನಮ್ಮನೇಲೂ ಯಾರನ್ನೂ ಕರೆಯಲ್ಲ'
ಅಂದಳು, ಲೆಕ್ಕ ಒಪ್ಪಿಸುವ ಹಾಗೆ.

ಆ ಏಟು ಯಾವ ರಿಜಿಸ್ಟರಿನಲ್ಲೂ ಇಲ್ಲ.

ಶನಿವಾರ, ಎಲ್ಲರೂ ಹೋದ ಮೇಲೆ, ಸ್ಟೂಲು ಹತ್ತಿದೆ.
ಚಿನ್ನಪ್ಪ ಸ್ಟೂಲು ಹಿಡಿದುಕೊಂಡ, ನನ್ನ ಮುಖ ನೋಡಲಿಲ್ಲ.
ಸೋಮವಾರ ಎರಡನೇ ಕ್ಲಾಸಿನ ನಸ್ರೀನ್
'ವೀಣೆ ಆಂಟಿಗೆ ಟ್ರಾನ್ಸ್‌ಫರ್ ಆಯ್ತಾ ಮಿಸ್?' ಅಂತ ಕೇಳಿತು.
ಹೂಂ ಅಂದುಬಿಟ್ಟೆ. ಇನ್ನೇನು ಹೇಳಲಿ?

ಪಟ ಬೀರುವಿನಲ್ಲಿದೆ, ಏಷ್ಯಾ ನಕ್ಷೆಯ ಹಿಂದೆ.
ಕ್ರಮಸಂಖ್ಯೆ ಅರವತ್ತೆರಡು, ಗಾಜು ಸೀಳಿದೆ.
ಮನೆಗೆ ಒಯ್ಯುವಂತಿಲ್ಲ, ಸರ್ಕಾರದ ಸ್ವತ್ತು.
ಈಗಲೂ ಬೀರು ತೆಗೆಯುವಾಗ ಚಪ್ಪಲಿ ಬಿಡುತ್ತೇನೆ. ನಗಬೇಡಿ.

ಮೊಳೆ ಕೀಳಿಸಲು ನೋಡಿದೆ. ಗಾರೆಯೇ ಉದುರಿತು,
ಅಲ್ಲಿಗೇ ಬಿಟ್ಟೆ.
ಸಮತಾ ಈಗ ಎಲ್ಲಿದ್ದಾಳೋ. ಎಲೆಕ್ಟ್ರಾನಿಕ್ ಸಿಟಿ ಬಸ್ಸಿನಲ್ಲಿ
ಒಂದು ಸಲ ಕಂಡ ಹಾಗಾಯಿತು; ಕರೆಯಲು ಬಾಯಿ ಬರಲಿಲ್ಲ.

ಸಂಜೆ ಆಯಿತು. ಇದು ಬೀರುವಿನ ಕೀಲಿ, ಒಂದೇ ಇರುವುದು.
ಬಾಗಿಲು ಸ್ವಲ್ಪ ಎತ್ತಿ ಹಿಡಿದು
ತಿರುಗಿಸಬೇಕು.