ಗುಂಡಿ ಒತ್ತದ ಹೊತ್ತು

ಟಾಂಪೆರೆಯ ಮ್ಯೂಸಿಯಮ್ಮಿನಲ್ಲಿ
ಹತ್ತೊಂಬತ್ತು ವರ್ಷ ಕಾವಲು ನಿಂತ ಹಿಲ್ಕಾ
ಲೆಕ್ಕ ಹಾಕಿದ್ದಾಳೆ:
ಒಂದು ಚಿತ್ರದ ಮುಂದೆ ಜನ ನಿಲ್ಲುವುದು
ಹೆಚ್ಚೆಂದರೆ ಒಂದು ಆಕಳಿಕೆಯಷ್ಟು.

ಊಟದ ಬಿಡುವಿನಲ್ಲಿ ಓನಿ ರೇಗಿಸುತ್ತಾನೆ.
ಅವನಿಗೆ ಡ್ರ್ಯಾಗನ್ ಬೇಕು, ಕತ್ತಿ ಬೇಕು,
ಸೋತು ಸೋತು ನೂರನೆಯ ಸಲ ಗೆದ್ದಾಗ
ಕೈ ನಡುಗಬೇಕು.
"ಅದು ಕಲೆ, ಅಜ್ಜಿ.
ನಿನ್ನದು ಬರೀ ಅಂಚೆ ಹಂಚುವ ಆಟ."

ಹೌದು, ಅಂಚೆಯೇ.
ಹಿಮದಲ್ಲಿ ಒಬ್ಬ ಹುಡುಗಿ, ಹೆಗಲಿಗೆ ಚೀಲ,
ಹದಿನಾರು ಮನೆ. ಶತ್ರುಗಳಿಲ್ಲ, ಅಂಕವಿಲ್ಲ.
ಏಳನೆಯ ಮನೆಯ ನಾಯಿ ಬೊಗಳುತ್ತದೆ, ಅಷ್ಟೇ.

ಒಂದು ರಾತ್ರಿ ಹಾಲುಕ್ಕಿತೆಂದು
ಕಂಟ್ರೋಲರ್ ಕೆಳಗಿಟ್ಟು ಓಡಿದಳು.
ಒಲೆ ಒರೆಸಿ ಬಂದು ನೋಡಿದರೆ
ಹುಡುಗಿ ತಾನಾಗಿ ಕೆರೆಯ ದಂಡೆಯಲ್ಲಿ ಕೂತು
ಕೈಗವಸು ಬಿಚ್ಚಿ
ಬೆರಳಿಗೆ ಉಸಿರೂದಿಕೊಳ್ಳುತ್ತಿದ್ದಳು.

ಯಾರೋ, ಎಲ್ಲೋ, ಕಂಪ್ಯೂಟರಿನ ಮುಂದೆ ಕೂತು
ಇದನ್ನೂ ಬರೆದಿಟ್ಟಿದ್ದಾರೆ,
ಆಡುವವರು ಎದ್ದುಹೋದ ಹೊತ್ತಿಗೆಂದು.

ಹಿಲ್ಕಾ ದೀಪ ಹಾಕಲಿಲ್ಲ.
ಕೆಲಸದ ಅಭ್ಯಾಸ:
ಒಂದು ಹೆಜ್ಜೆ ಹಿಂದೆ ಸರಿದು
ಕೈಕಟ್ಟಿ ನಿಂತಳು,
ಯಾರೂ ಮುಟ್ಟದ ಹಾಗೆ.