ಎರಡೂ ಕಡೆ ಕೊಂಡಿ

ಸಂಜೆ ಏಳಕ್ಕೆ, ಇಳಕಲ್ಲಿನ ಹಳೇ ಪೇಟೆಯಲ್ಲಿ,
ಜರಿ ಅಂಗಡಿಯ ಮೇಲಿನ ಖೋಲಿಯಲ್ಲಿ
ನನ್ನ ಇಂಗ್ಲಿಷ್ ಕ್ಲಾಸು.
ಆರು ಕುರ್ಚಿ, ಅದರಲ್ಲೊಂದು ಕುಂಟು.
ಕೆಳಗಿನ ಓಣಿಯಿಂದ ಮಗ್ಗದ ಖಟಕ್ ಲಟಕ್;
ನಾನು ಅಲ್ಪವಿರಾಮ ಕೊಟ್ಟಲ್ಲಿ ಅದು ಕೊಡುವುದಿಲ್ಲ.

ಈ ವಾರ ವಾಕ್ಯ ಜೋಡಿಸುವ ಪಾಠ.
ಆ್ಯಂಡ್ ಬರೆದೆ, ಬಟ್ ಬರೆದೆ, ಬಿಕಾಸ್ ಬರೆದೆ.
ಗ್ರಾನೈಟ್ ಲಾರಿ ಓಡಿಸುವ ಮೌಲಾಸಾಬನಿಗೆ
ಆ್ಯಂಡ್ ಒಂದೇ ಸಾಕು:
ಐ ವೆಂಟ್ ಆ್ಯಂಡ್ ಲೋಡಿಂಗ್ ಆ್ಯಂಡ್ ಟೈರ್ ಪಂಕ್ಚರ್
ಆ್ಯಂಡ್ ಟೀ ಡ್ರಿಂಕಿಂಗ್ ಆ್ಯಂಡ್...
ಹುನಗುಂದ ದಾಟಿದರೂ ನಿಲ್ಲುವುದಿಲ್ಲ ಅವನ ವಾಕ್ಯ.
ಎಲ್ಲರೆ ಬ್ರೇಕ್ ಹಾಕೋ ಮಾರಾಯಾ ಅಂದರೆ
ಇಳಿಜಾರ ಐತ್ರಿ ಸರ್ ಅನ್ನುತ್ತಾನೆ.

ನಮ್ಮ ಮಾತಿಗೆ ಈ ತಾಪತ್ರಯ ಎಲ್ಲಿತ್ತು?
ಎದ್ದು, ಮುಖ ತೊಳೆದು, ರೊಟ್ಟಿ ಬಡಿದು, ಬುತ್ತಿ ಕಟ್ಟಿ,
ಎಳೆ ತಾನಾಗಿ ಹೊರಳುತ್ತ ಹೋಗುತ್ತದೆ;
ಕ್ರಿಯಾಪದ ಕೊನೆಗೆ ಬಂದು ಬಾಗಿಲು ಹಾಕುವಷ್ಟರಲ್ಲಿ
ಎಲ್ಲರೂ ಒಳಗೆ ಬಂದಿರುತ್ತಾರೆ.
ಇಂಗ್ಲಿಷಿನಲ್ಲಿ ಮೊದಲೇ ಬಾಗಿಲು ಹಾಕಿ
ಆಮೇಲೆ ಕಿಟಕಿಯಿಂದ
ಒಬ್ಬೊಬ್ಬರನ್ನೇ ಕೈ ಹಿಡಿದು ಎಳೆದುಕೊಳ್ಳಬೇಕು.

ಗುರುವಾರ ಆಲ್ದೋ.
ಶಂಕ್ರವ್ವ ಕಂದಗಲ್ಲ, ವಯಸ್ಸು ನಲವತ್ತೆಂಟು,
ಎಕ್ಸಿಬಿಶನ್ನಿನಲ್ಲಿ ತಾನೇ ಮಾತಾಡಿ ಸೀರೆ ಮಾರಬೇಕೆಂದು
ಮುಂಗಡ ಫೀ ಕೊಟ್ಟು ಸೇರಿದವಳು,
ವಹಿಯಲ್ಲಿ ಬರೆದು ತೋರಿಸಿದಳು:
ಆಲ್ದೋ ಮೈ ಐ ಈಸ್ ವೀಕ್, ಬಟ್ ಮೈ ಹ್ಯಾಂಡ್ ಈಸ್ ಸೀಯಿಂಗ್.
ಕೆಂಪು ಪೆನ್ನಿನಿಂದ ಬಟ್ ಹೊಡೆದೆ.
ಒಂದು ಸಾಕವ್ವಾ. ಆಲ್ದೋ ಬಂದಲ್ಲಿ ಬಟ್ ಬರಬಾರದು.

ಆಕೆ ವಹಿ ಮುಚ್ಚಲಿಲ್ಲ.
"ಸರ್, ನಮ್ಮ ಸೀರೀಗೆ ಒಡಲಿನ ಹಾಸು ಬ್ಯಾರೆ,
ಸೆರಗಿನ ಹಾಸು ಬ್ಯಾರೆ. ಅದು ಹತ್ತಿ, ಇದು ರೇಷ್ಮಿ.
ಈ ಕಡಿಂದೊಂದು ಕೊಂಡಿ, ಆ ಕಡಿಂದೊಂದು ಕೊಂಡಿ,
ಒಂದರಾಗೊಂದು ಹಾಯಿಸಿದ್ರ ಸೆರಗು ನಿಂದರತೈತಿ.
ಒಂದ ಕಡೆ ಹಾಕಿ ಬಿಟ್ರ
ಉಟ್ಟಾಕಿ ಬಾಜಾರದಾಗ ಏನ ಮಾಡಬೇಕ್ರಿ?"
ಕ್ಲಾಸು ನಕ್ಕಿತು. ಮೌಲಾಸಾಬ ಕುಂಟು ಕುರ್ಚಿಯಿಂದ ಬೀಳುವುದರಲ್ಲಿದ್ದ.
ನಿಯಮ ಅಂದರೆ ನಿಯಮ, ಅಂದೆ.
ದನಿ ನನಗೇ ತೆಳ್ಳಗೆ ಕೇಳಿಸಿತು.

ಭಾನುವಾರ ಹೋಗಿ ನೋಡಿದೆ.
ಕುಣಿಮಗ್ಗದ ಪಕ್ಕ, ನೆಲದ ಮೇಲೆ, ಕಾಲು ಚಾಚಿ ಕೂತಿದ್ದಳು.
ಹತ್ತಿಯ ಎಳೆ ಬಾಗಿ, ಕೆಂಪು ರೇಷ್ಮೆಯ ಎಳೆ ಬಾಗಿ,
ಮತ್ತೆ, ಮತ್ತೆ, ಕಣ್ಣು ಮಾತ್ರ ಗೋಡೆಯ ಕಡೆ.
ಗಂಟು ಎಲ್ಲೂ ಇರಲಿಲ್ಲ.
ಅದರ ಹಿಡಿತದಲ್ಲಿ ಇದು, ಇದರ ಹಿಡಿತದಲ್ಲಿ ಅದು.
ಜಗ್ಗಿ ನೋಡ್ರಿ, ಅಂದಳು.
ಜಗ್ಗಿದೆ.

ಚಾ ಕೊಡುತ್ತ ಕೇಳಿದಳು,
ನಿಮ್ಮ ಊರು ಯಾವುದು, ಇಲ್ಲಿಗೆ ಹೆಂಗ ಬಂದ್ರಿ?
ಅಣ್ಣ ಮಾತು ಬಿಟ್ಟ. ನಾನು ಇಳಕಲ್ಲಿಗೆ ಬಂದೆ.
"ನಡುವ ಏನರ ಇರಬೇಕಲ್ರಿ ಸರ್. ಬಿಕಾಸೋ, ಬಟ್ಟೋ?"
ಹನ್ನೊಂದು ವರ್ಷ
ಅಲ್ಲೊಂದು ಪೂರ್ಣವಿರಾಮ ಇಟ್ಟುಕೊಂಡು ಬದುಕಿದ್ದೆ.
ಅವನು ಬಿಟ್ಟದ್ದಕ್ಕೆ ನಾನು ಬಂದೆನೋ,
ನಾನು ಬಂದದ್ದಕ್ಕೆ ಅವನು ಬಿಟ್ಟನೋ.
ಚಾದ ಕೆನೆಯನ್ನು ಬೆರಳಲ್ಲಿ ತೆಗೆದು
ಬಸಿಯ ಅಂಚಿಗೆ ಹಚ್ಚಿದೆ.

ನಿನ್ನೆ ಬೆಳಗಾವಿಯಿಂದ ಫೋನು, ಎಕ್ಸಿಬಿಶನ್ನಿನ ಗದ್ದಲದಿಂದ.
"ಸರ್, ಕೇಳ್ರಿಲ್ಲಿ. ರೇಟು ಕೇಳಿ ಆ ಬಾಯಿ ಹೊಂಟಿದ್ಲು.
ಆಲ್ದೋ ಕಾಸ್ಟ್ಲಿ, ಬಟ್ ಹ್ಯಾಂಡ್, ಅಂದೆ.
ತಿರುಗಿ ಬಂದು ಎರಡು ಸೀರಿ ತಗೊಂಡ್ಲು."
ಬಟ್, ಅಂದೆ ನಾನು.
"ಹಾಂ ಸರ್? ಬಟ್?"
ಆ ಕಡೆ ಯಾರೋ ಸೆರಗು ಜಗ್ಗಿ ನೋಡುತ್ತಿರಬೇಕು,
ಸಾವಕಾಶ್ರೀ ಅಕ್ಕಾರ ಅನ್ನುತ್ತಿದ್ದಳು.
ಈ ಕಡೆ ನಾನು,
ಕಿವಿಯಿಂದ ಫೋನು ತೆಗೆಯದೆ.